ಸಿಡಿಯ ಧ್ವನಿಯಲ್ಲಿ ಮೆಟ್ಟಿಲುಗಳಿಲ್ಲ

ದುಬಾರಿ ಆಡಿಯೊ ಸಾಮಾನುಗಳ ಜಾಹೀರಾತಿನಲ್ಲಿ ಒಂದು ಚಿತ್ರ ಮತ್ತೆ ಮತ್ತೆ ಕಾಣಿಸುತ್ತದೆ. ಎಡಗಡೆ ಸಿಡಿಯ ಅಲೆ, ಮೆಟ್ಟಿಲು ಮೆಟ್ಟಿಲಾಗಿ. ಬಲಗಡೆ ಹೈ-ರೆಸಲ್ಯೂಷನ್ ಡಿಸ್ಕಿನ, ಅಂದರೆ ಸಿಡಿಗಿಂತ ಸೂಕ್ಷ್ಮವಾಗಿ ಅಳೆಯುವ ಡಿಸ್ಕಿನ ಅಲೆ, ನುಣ್ಣಗೆ. ಈ ಚಿತ್ರ ಬುಡದಿಂದಲೇ ತಪ್ಪು. ಇದನ್ನು ನಂಬಿ ಜನ ಹಣ ಸುರಿಯುತ್ತಾರಲ್ಲ ಅಂತ ನನಗೆ ನಿಜಕ್ಕೂ ಬೇಸರ.

1982ರಲ್ಲಿ ಬಂದ ಸಿಡಿ ಸೆಕೆಂಡಿಗೆ 44,100 ಸಲ ಅಲೆಯನ್ನು ಅಳೆದು, ಪ್ರತಿ ಅಳತೆಯನ್ನು 0 ಮತ್ತು 1ರ 16 ಅಂಕಿಗಳಲ್ಲಿ, ಅಂದರೆ 16 ಬಿಟ್‌ಗಳಲ್ಲಿ ಬರೆದಿಡುತ್ತದೆ. ಈ 44,100 ಎಲ್ಲಿಂದ ಬಂತು ಗೊತ್ತೇ? ಆ ಕಾಲದಲ್ಲಿ ಅಷ್ಟು ಡಿಜಿಟಲ್ ಮಾಹಿತಿ ಹಿಡಿಸಲು ಸಿಗುತ್ತಿದ್ದದ್ದು ವಿಡಿಯೊ ಟೇಪ್. ಟಿವಿ ಚಿತ್ರದ 245 ಗೆರೆ, ಗೆರೆಗೆ 3 ಸ್ಯಾಂಪಲ್ (ಅಂದರೆ ಅಳತೆ), ಸೆಕೆಂಡಿಗೆ 60 ಸಲ. ಗುಣಿಸಿ ನೋಡಿ.

ಎರಡು ಅಳತೆಗಳ ನಡುವಿನ ಧ್ವನಿ ಕಳೆದುಹೋಗುವುದಿಲ್ಲವೇ? ಇಲ್ಲ. 1933ರಲ್ಲಿ ರಷ್ಯಾದ ಕೊಟೆಲ್ನಿಕೊವ್, 1949ರಲ್ಲಿ ಅಮೆರಿಕದ ಕ್ಲಾಡ್ ಶಾನನ್ ಇದನ್ನು ಗಣಿತದಿಂದ ತೋರಿಸಿಕೊಟ್ಟರು. 44,100ರ ಅರ್ಧವಾದ ಸೆಕೆಂಡಿಗೆ 22,050 ಕಂಪನ, ಅಂದರೆ 22,050 ಹರ್ಟ್ಜ್‌ಗಿಂತ ಮೇಲಿನ ಸದ್ದನ್ನು ಮೊದಲೇ ಸೋಸಿ ತೆಗೆದಿದ್ದರೆ, ಆ ಎಲ್ಲ ಬಿಂದುಗಳ ಮೂಲಕ ಹಾಯುವ ಅಲೆ ಒಂದೇ ಒಂದು. ಪ್ಲೇಯರ್‌ನ ಫಿಲ್ಟರ್ ಆ ನುಣುಪು ಅಲೆಯನ್ನೇ ಹೊರಗೆ ಕೊಡುತ್ತದೆ. ನಮ್ಮ ಕಿವಿ 20,000 ಹರ್ಟ್ಜ್‌ಗೇ ನಿಂತುಬಿಡುತ್ತದೆ, ವಯಸ್ಸಾದಂತೆ ಇನ್ನೂ ಕೆಳಗಿಳಿಯುತ್ತದೆ. ಸ್ಯಾಂಪಲ್ ಜಾಸ್ತಿ ಮಾಡಿದರೆ ಒಳಗೆ ಬರುವುದು ಬಾವಲಿಗೆ ಕೇಳುವ ಸದ್ದು, ಅಷ್ಟೇ.

ಬಿಟ್‌ಗಳ ಕೆಲಸ ಬೇರೆ. ಅವು ಹಿನ್ನೆಲೆಯ ಗದ್ದಲ ಎಷ್ಟು ಕೆಳಗಿರಬೇಕು ಎಂದು ತೀರ್ಮಾನಿಸುತ್ತವೆ. 16 ಬಿಟ್ ಎಂದರೆ ಅತಿ ಜೋರಿನ ಸದ್ದಿಗೂ ಆ ಗದ್ದಲಕ್ಕೂ ಸುಮಾರು 96 ಡೆಸಿಬೆಲ್ ಅಂತರ. ಮನೆಯಲ್ಲಿ ಕೇಳಲು ಇದೇ ಧಾರಾಳ.

ಇಷ್ಟಿದ್ದರೂ 1999ರಲ್ಲಿ ಸೋನಿ ಮತ್ತು ಫಿಲಿಪ್ಸ್ ಸೇರಿ ಸೂಪರ್ ಆಡಿಯೊ ಸಿಡಿ, ಅಂದರೆ ಎಸ್‌ಎಸಿಡಿ ತಂದವು. ಮರುವರ್ಷವೇ ಎದುರಾಳಿಯಾಗಿ ಡಿವಿಡಿ-ಆಡಿಯೊ ಬಂತು. ಡಿವಿಡಿ-ಆಡಿಯೊದ್ದು ನೇರ ದಾರಿ, ಸಿಡಿಯ ವಿಧಾನವನ್ನೇ 24 ಬಿಟ್, ಸೆಕೆಂಡಿಗೆ 1,92,000 ಅಳತೆ ಅಂದರೆ 192 ಕಿಲೋಹರ್ಟ್ಜ್‌ವರೆಗೆ ಹಿಗ್ಗಿಸುವುದು. ಎಸ್‌ಎಸಿಡಿ ಹಿಡಿದ ದಾರಿ ಮಾತ್ರ ವಿಚಿತ್ರ, ನನಗೆ ತುಂಬಾ ಇಷ್ಟವಾಗುವುದೂ ಅದೇ.

ಅದರಲ್ಲಿ ಸ್ಯಾಂಪಲ್‌ಗೆ ಒಂದೇ ಬಿಟ್. ಆದರೆ ಸೆಕೆಂಡಿಗೆ 28,22,400 ಸಲ, ಅಂದರೆ ಸಿಡಿಯ 64 ಪಟ್ಟು. ಅಲೆ ಮೇಲಿದ್ದಾಗ 1ಗಳು ದಟ್ಟವಾಗುತ್ತವೆ, ಕೆಳಗಿದ್ದಾಗ 0ಗಳು. ಒಂದೇ ಬಿಟ್ಟಿನ ಅಳತೆ ಎಂದಮೇಲೆ ಪ್ರತಿ ಸಲವೂ ದೊಡ್ಡ ತಪ್ಪಾಗುತ್ತದೆ, ಅಲ್ವಾ? ಯಂತ್ರ ಆ ತಪ್ಪನ್ನು ಎಸೆಯುವುದಿಲ್ಲ, ಮುಂದಿನ ಅಳತೆಗೆ ಸೇರಿಸಿಕೊಂಡು ಸರಿದೂಗಿಸುತ್ತದೆ. ಹೀಗೆ ಮಾಡಿದಾಗ ಗದ್ದಲ ಕಡಿಮೆಯಾಗುವುದಿಲ್ಲ, ಜಾಗ ಬದಲಿಸುತ್ತದೆ. ನಡುಮನೆಯ ಕಸವನ್ನೆಲ್ಲ ಹಿತ್ತಿಲಿಗೆ ಗುಡಿಸಿದ ಹಾಗೆ. ಕಿವಿಗೆ ಕೇಳುವ ಭಾಗ ಚೊಕ್ಕಟವಾಗುತ್ತದೆ, 20,000 ಹರ್ಟ್ಜ್‌ನ ಆಚೆ ಗದ್ದಲ ರಾಶಿ ಬೀಳುತ್ತದೆ. ಕೇಳಿಸದ ಭಾಗದಲ್ಲಿ ಸಿಡಿಗಿಂತ ಮುಂದೆ ಎಂದು ಹೊಗಳಿಸಿಕೊಂಡ ಡಿಸ್ಕ್ ತನ್ನ ಗದ್ದಲವನ್ನು ತುಂಬಿದ್ದು ಅದೇ ಭಾಗಕ್ಕೆ!

ಎಸ್‌ಎಸಿಡಿಯ ಹೈಬ್ರಿಡ್ ಡಿಸ್ಕ್ ಕೂಡ ಜಾಣತನದ ಕೆಲಸ. ಅದರಲ್ಲಿ ಎರಡು ಪದರ, ಒಂದು ಎಸ್‌ಎಸಿಡಿಯದು, ಇನ್ನೊಂದು ಮಾಮೂಲಿ ಸಿಡಿಯದು. ಎಸ್‌ಎಸಿಡಿಯ ಪದರ ಕೆಂಪು ಲೇಸರನ್ನು ಹಿಂದಕ್ಕೆ ಕಳಿಸುತ್ತದೆ, ಸಿಡಿ ಪ್ಲೇಯರ್‌ನ ಅವಗೆಂಪು ಲೇಸರನ್ನು ಒಳಗೆ ಬಿಡುತ್ತದೆ. ಹೀಗಾಗಿ ಹಳೆಯ ಪ್ಲೇಯರ್‌ನಲ್ಲೂ ಹಾಡು ಬರುತ್ತದೆ. ಡಿವಿಡಿ-ಆಡಿಯೊಗೆ ಈ ಅನುಕೂಲ ಇರಲಿಲ್ಲ. ಹಲವು ಡಿಸ್ಕ್‌ಗಳ ಮೆನು ನೋಡಲು ಟಿವಿ ಬೇರೆ ಹಾಕಬೇಕಿತ್ತು. ಅದು ಬೇಗ ಮರೆಯಾಯಿತು. ಎಸ್‌ಎಸಿಡಿ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದವರ ನಡುವೆ ಉಳಿದುಕೊಂಡಿತು.

ಕೇಳಿ ನೋಡಿದವರು ಏನು ಹೇಳುತ್ತಾರೆ? 2007ರಲ್ಲಿ ಮೇಯರ್ ಮತ್ತು ಮೋರನ್ ಎಂಬಿಬ್ಬರು ಒಂದು ಪರೀಕ್ಷೆಯ ಫಲಿತಾಂಶ ಪ್ರಕಟಿಸಿದರು. ಹೈ-ರೆಸಲ್ಯೂಷನ್ ಡಿಸ್ಕಿನ ಧ್ವನಿಯನ್ನು ನಡುವೆ ಸಿಡಿಯ ಗುಣಮಟ್ಟಕ್ಕೆ ಇಳಿಸಿ, ಯಾವುದು ಯಾವುದೆಂದು ಹೇಳದೆ ಕೇಳಿಸಿದ್ದರು. 554 ಪ್ರಯತ್ನಗಳಲ್ಲಿ ಸರಿಯಾದದ್ದು 49.8 ಶೇಕಡ. ನಾಣ್ಯ ಚಿಮ್ಮಿದರೂ ಅಷ್ಟೇ ಬರುತ್ತದೆ. 2016ರಲ್ಲಿ ಜೋಶುವಾ ರೀಸ್ 18 ಅಧ್ಯಯನಗಳನ್ನು ಒಟ್ಟುಗೂಡಿಸಿದಾಗ 52.3 ಶೇಕಡ ಬಂತು. ತರಬೇತಿ ಪಡೆದ ಕಿವಿಗಳು ಇನ್ನಷ್ಟು ಚೆನ್ನಾಗಿ ಗುರುತಿಸಿದವು. ವ್ಯತ್ಯಾಸ ಇರಬಹುದು, ಆದರೆ ಬಹಳ ಸಣ್ಣದು.

ಆದರೂ ಈ ಡಿಸ್ಕ್‌ಗಳು ಬಹುಪಾಲು ಸಿಡಿಗಳಿಗಿಂತ ಚೆನ್ನಾಗಿ ಕೇಳಿಸುತ್ತವೆ ಎಂದು ಮೇಯರ್ ಮತ್ತು ಮೋರನ್ ಅವರೇ ಬರೆದರು. ಕಾರಣ ಮಾಸ್ಟರಿಂಗ್, ಅಂದರೆ ಡಿಸ್ಕಿಗೆ ಹಾಕುವ ಮುನ್ನ ಧ್ವನಿಯನ್ನು ಕೊನೆಯದಾಗಿ ಹದಗೊಳಿಸುವ ಕೆಲಸ. ಎಲ್ಲವನ್ನೂ ಜೋರು ಮಾಡುವ ಆತುರವಿಲ್ಲದೆ, ಇವುಗಳ ಎಂಜಿನಿಯರ್‌ಗಳು ಮೆಲುದನಿಯನ್ನು ಮೆಲ್ಲಗೇ ಬಿಟ್ಟಿದ್ದರು. ಹಾಗಾಗಿ ಹೈಬ್ರಿಡ್ ಡಿಸ್ಕಿನ ಎರಡು ಪದರಗಳನ್ನು ಬದಲಿಸಿ ಕೇಳಿ ತೀರ್ಪು ಕೊಡಬೇಡಿ, ಎರಡರ ಮಾಸ್ಟರ್ ಬೇರೆ ಬೇರೆ ಇರಬಹುದು. ಕೊಳ್ಳುವುದಾದರೆ ಒಳ್ಳೆಯ ಮಾಸ್ಟರಿಂಗ್‌ಗಾಗಿ ಕೊಳ್ಳಿ. ಇಲ್ಲವೇ ಸುತ್ತಲೂ ಐದು ಸ್ಪೀಕರ್ ಇಟ್ಟು ಕೇಳುವ 5.1 ಧ್ವನಿಗಾಗಿ ಕೊಳ್ಳಿ. ಮಾಮೂಲಿ ಸಿಡಿಯಲ್ಲಿ ಅದು ಸಿಗುವುದಿಲ್ಲ.