ಹುಟ್ಟಿದ ದಿನವನ್ನು ಹೊತ್ತ ಸಂಖ್ಯೆ: ಸ್ವೀಡನ್ನಿನ ಒಂದು ಹಳೆಯ ವಿನ್ಯಾಸ

ಡೇಟಾಬೇಸ್ ವಿನ್ಯಾಸ ಕಲಿಸುವ ಅಧ್ಯಾಪಕರು ಮೊದಲ ಕೆಲವು ಪಾಠಗಳಲ್ಲೇ ಒಂದು ಎಚ್ಚರಿಕೆ ಕೊಡುತ್ತಾರೆ: ದಾಖಲೆಯನ್ನು ಗುರುತಿಸುವ ಸಂಖ್ಯೆಯೊಳಗೆ ಆ ದಾಖಲೆಯ ವಿವರಗಳನ್ನೇ ತುಂಬಬೇಡಿ, ಏಕೆಂದರೆ ವಿವರ ಬದಲಾದ ದಿನ ಸಂಖ್ಯೆ ಸುಳ್ಳು ಹೇಳತೊಡಗುತ್ತದೆ. ಸ್ಟಾಕ್‌ಹೋಮ್‌ನಲ್ಲಿ ಸಾಫ್ಟ್‌ವೇರ್ ಬರೆದು ಬದುಕುವ ನನ್ನಂಥವರಿಗೆ ಈ ಎಚ್ಚರಿಕೆಯನ್ನು ಒಂದು ದೇಶವೇ ಮೀರಿದರೆ ಏನಾಗುತ್ತದೆ ಎಂಬುದು ದಿನನಿತ್ಯದ ಕೆಲಸದಲ್ಲೇ ಕಾಣಸಿಗುತ್ತದೆ.

1947ರಲ್ಲಿ ಜಾರಿಗೆ ಬಂದ ಪರ್ಸೂನ್‌ನುಮ್ಮರ್, ಅಂದರೆ ವ್ಯಕ್ತಿ ಸಂಖ್ಯೆ, ಇಂದು ಹತ್ತು ಅಂಕಿಗಳದು. ಮೊದಲ ಆರು ಅಂಕಿಗಳು ಹುಟ್ಟಿದ ವರ್ಷ, ತಿಂಗಳು, ದಿನವನ್ನು ಹೇಳುತ್ತವೆ. ಬಳಿಕ ಒಂದು ಅಡ್ಡಗೆರೆ. ಆಮೇಲೆ ಅದೇ ದಿನ ಹುಟ್ಟಿದವರನ್ನು ಪ್ರತ್ಯೇಕಿಸುವ ಮೂರು ಅಂಕಿಗಳು, ಅವುಗಳಲ್ಲಿ ಮೂರನೆಯದು ಬೆಸವಾದರೆ ಗಂಡು, ಸಮವಾದರೆ ಹೆಣ್ಣು. ಕಡೆಯದು ತಾಳೆ ನೋಡುವ ಅಂಕಿ. ಈ ಕಡೆಯ ಅಂಕಿ ಮೊದಲಿಗೆ ಇರಲಿಲ್ಲ, 1967ರಲ್ಲಿ ಸೇರಿತು. ಅದರ ಲೆಕ್ಕವನ್ನು ಕಾಗದದ ಮೇಲೆ ಯಾರು ಬೇಕಾದರೂ ಮಾಡಬಹುದು: ಮೊದಲ ಒಂಬತ್ತು ಅಂಕಿಗಳನ್ನು ಸರದಿಯಂತೆ 2 ಮತ್ತು 1ರಿಂದ ಗುಣಿಸಿ, ಗುಣಲಬ್ಧ ಎರಡಂಕಿಯದಾದರೆ ಅದನ್ನು ಬಿಡಿಸಿ ಕೂಡಿ, ಒಟ್ಟು 44 ಬಂದರೆ ಮುಂದಿನ ಹತ್ತಕ್ಕೆ ಬೇಕಾದ 6 ಆ ಅಂಕಿಯಾಗುತ್ತದೆ. ಐಬಿಎಂನಲ್ಲಿದ್ದ ಹಾನ್ಸ್ ಪೀಟರ್ ಲೂನ್ ರೂಪಿಸಿದ ಈ ಕ್ರಮವೇ ನಮ್ಮ ಕ್ರೆಡಿಟ್ ಕಾರ್ಡ್ ಸಂಖ್ಯೆಗಳಲ್ಲೂ ಇದೆ. ಒಂದು ಅಂಕಿ ತಪ್ಪಿದರೆ ಅದು ಖಂಡಿತ ಹಿಡಿಯುತ್ತದೆ. ಅಕ್ಕಪಕ್ಕದ ಅಂಕಿಗಳು ಅದಲುಬದಲಾದರೂ ಹಿಡಿಯುತ್ತದೆ, 09 ಹೋಗಿ 90 ಆಗುವ ಅಥವಾ 90 ಹೋಗಿ 09 ಆಗುವ ಸಂದರ್ಭವನ್ನು ಬಿಟ್ಟು.

ನಮ್ಮ ಆಧಾರ್ ಇದಕ್ಕೆ ತೀರ ವಿರುದ್ಧ. ನಂದನ್ ನಿಲೇಕಣಿ ಅವರ ನೇತೃತ್ವದಲ್ಲಿ ರೂಪುಗೊಂಡು, 2010ರಲ್ಲಿ ಮೊದಲ ಬಾರಿ ಜನರ ಕೈಸೇರಿದ ಆ ಹನ್ನೆರಡು ಅಂಕಿಗಳಲ್ಲಿ ವಯಸ್ಸಿಲ್ಲ, ಊರಿಲ್ಲ, ಲಿಂಗವಿಲ್ಲ. ಅವು ಯಾದೃಚ್ಛಿಕವಾಗಿ ಹುಟ್ಟಿದವು, ಮತ್ತು ಕೊನೆಯ ಅಂಕಿಗೆ ಬಳಸಿರುವ ವರ್ಹೂಫ್ ಕ್ರಮ ಅಕ್ಕಪಕ್ಕದ ಎಲ್ಲ ಅದಲುಬದಲುಗಳನ್ನೂ ಹಿಡಿಯುತ್ತದೆ. ಪಠ್ಯಪುಸ್ತಕದ ದೃಷ್ಟಿಯಿಂದ ಅಂಕ ಹಾಕುವುದಾದರೆ ಆಧಾರ್ ಸಂಖ್ಯೆಗೆ ಪೂರ್ತಿ ಅಂಕ, ಸ್ವೀಡನ್ನಿನದಕ್ಕೆ ಅರ್ಧವೂ ಕಷ್ಟ.

ಅರ್ಧವೂ ಏಕೆ ಕಷ್ಟ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಮೂರು ಅಂಕಿಗಳಲ್ಲಿ ಒಂದು ದಿನಕ್ಕೆ ಹೆಚ್ಚೆಂದರೆ 999 ಜನರಿಗೆ ಸಂಖ್ಯೆ ಕೊಡಬಹುದು. ಒಂದು ಕೋಟಿಗಿಂತ ತುಸು ಹೆಚ್ಚು ಜನರಿರುವ ದೇಶಕ್ಕೆ ಅದು ಧಾರಾಳವಾಗಿ ಸಾಲಬೇಕಿತ್ತು. ಆದರೆ ಜನನ ನೋಂದಣಿ ಸರಿಯಾಗಿಲ್ಲದ ದೇಶಗಳಿಂದ ಬಂದ ನಿರಾಶ್ರಿತರಲ್ಲಿ ಅನೇಕರ ಕಾಗದಪತ್ರಗಳಲ್ಲಿ ಹುಟ್ಟಿದ ದಿನ ಜನವರಿ 1 ಅಥವಾ ಜುಲೈ 1 ಎಂದೇ ಇರುತ್ತದೆ. (ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದ ಜೂನ್ 1 ಜನ್ಮದಿನವಾಗಿ ಉಳಿದುಬಿಟ್ಟ ಹಿರಿಯರು ಕರ್ನಾಟಕದ ಯಾವ ಕುಟುಂಬದಲ್ಲಿಲ್ಲ?) ಹೀಗೆ ಕೆಲವು ದಿನಗಳ ಸಂಖ್ಯೆಗಳು ಮುಗಿದೇಹೋದವು. ಈಗ ಅಂಥ ಸಂದರ್ಭದಲ್ಲಿ ಅದೇ ತಿಂಗಳ ಹತ್ತಿರದ ಬೇರೊಂದು ದಿನವನ್ನು ಸಂಖ್ಯೆಯಲ್ಲಿ ಬರೆಯಲು ಕಾನೂನೇ ಅವಕಾಶ ಕೊಟ್ಟಿದೆ. ಎಂದರೆ, ಹುಟ್ಟಿದ ದಿನವನ್ನು ಹೇಳುವ ಸಲುವಾಗಿ ಇರುವ ಅಂಕಿಗಳು ಕೆಲವರ ಮಟ್ಟಿಗೆ ಹುಟ್ಟಿದ ದಿನವನ್ನು ಹೇಳುವುದಿಲ್ಲ, ಮತ್ತು ಆ ಅಂಕಿಗಳಿಂದಲೇ ವಯಸ್ಸು ಲೆಕ್ಕಹಾಕುವ ಪ್ರೋಗ್ರಾಮ್‌ಗೆ ಅದು ಗೊತ್ತಾಗುವುದೂ ಇಲ್ಲ.

ಶತಮಾನದ ತೊಡಕು ಇನ್ನೊಂದು. ವ್ಯಕ್ತಿಗೆ ನೂರು ತುಂಬುವ ವರ್ಷ ನಡುವಿನ ಅಡ್ಡಗೆರೆಯ ಜಾಗದಲ್ಲಿ ಕೂಡುವ ಚಿಹ್ನೆ ಬರುತ್ತದೆ. ಜಾಣ ಉಪಾಯವೇ, ಆದರೆ ಚಿಹ್ನೆಯನ್ನು ಕಿತ್ತುಹಾಕಿ ಹತ್ತು ಅಂಕಿಗಳನ್ನಷ್ಟೇ ಉಳಿಸಿಕೊಳ್ಳುವ ಡೇಟಾಬೇಸ್‌ನಲ್ಲಿ ಮುತ್ತಜ್ಜಿಗೂ ಮರಿಮಗುವಿಗೂ ವ್ಯತ್ಯಾಸವೇ ಉಳಿಯದು. ಕಾನೂನಿನ ಪ್ರಕಾರ ಲಿಂಗ ಬದಲಾಯಿಸಿಕೊಂಡವರಿಗೆ ಹೊಸ ಸಂಖ್ಯೆ ಸಿಗುತ್ತದೆ, ಆಗ ಹಳೆಯ ಸಂಖ್ಯೆಗೆ ಅಂಟಿಕೊಂಡ ಆಸ್ಪತ್ರೆಯ ದಾಖಲೆ, ಅಂಕಪಟ್ಟಿ, ಸಾಲದ ಲೆಕ್ಕ ಎಲ್ಲವೂ ಹೊಸದರ ಜೊತೆ ಹೊಂದಿಕೊಳ್ಳಬೇಕು. 1990ರವರೆಗೆ ಹುಟ್ಟಿದ ಪ್ರಾಂತ್ಯವನ್ನೂ ಆ ಮೂರು ಅಂಕಿಗಳಿಂದ ಊಹಿಸಬಹುದಿತ್ತು, ಪರದೇಶದಲ್ಲಿ ಹುಟ್ಟಿದವರಾರು ಎಂಬುದನ್ನೂ ಸಹ. ಅದನ್ನು ಕೈಬಿಟ್ಟದ್ದು ಒಳ್ಳೆಯದಾಯಿತು.

ಇಷ್ಟೆಲ್ಲ ಬಿರುಕುಗಳಿದ್ದರೂ ವ್ಯವಸ್ಥೆ ನಡೆಯುತ್ತಿದೆ, ಅದೂ ಚೆನ್ನಾಗಿಯೇ. ನನ್ನ ಅಭಿಪ್ರಾಯದಲ್ಲಿ ಇದರ ಶ್ರೇಯಸ್ಸು ಯಾವ ತಂತ್ರಜ್ಞಾನಕ್ಕೂ ಸಲ್ಲುವುದಿಲ್ಲ, ಸಂಖ್ಯೆಯ ಕೆಳಗಿರುವ ನೋಂದಣಿಗೆ ಸಲ್ಲುತ್ತದೆ. ಹುಟ್ಟು, ಮದುವೆ, ಸಾವುಗಳನ್ನು ಬರೆದಿಡುವ ಹೊಣೆಯನ್ನು 1686ರ ಚರ್ಚ್ ಕಾನೂನು ಪಾದ್ರಿಗಳ ಮೇಲೆ ಹೊರಿಸಿತ್ತು, ಮತ್ತು 1991ರ ಜುಲೈನಲ್ಲಿ ತೆರಿಗೆ ಇಲಾಖೆ ವಹಿಸಿಕೊಳ್ಳುವವರೆಗೂ ಆ ಕೆಲಸ ಚರ್ಚ್ ಕಚೇರಿಗಳಲ್ಲೇ ನಡೆಯಿತು. ಇಂದು ಮಗು ಹುಟ್ಟಿದರೆ ಆಸ್ಪತ್ರೆಯಿಂದಲೇ ಇಲಾಖೆಗೆ ಸುದ್ದಿ ಹೋಗುತ್ತದೆ. ಮನೆ ಬದಲಾಯಿಸಿದವರು ಒಂದು ವಾರದೊಳಗೆ ತಿಳಿಸಬೇಕು, ತಿಳಿಸಿದರೆ ಬ್ಯಾಂಕು, ವಿಮೆ, ಇತರ ಸರ್ಕಾರಿ ಕಚೇರಿಗಳಿಗೆ ಹೊಸ ವಿಳಾಸ ತಾನಾಗಿ ತಲಪುತ್ತದೆ. ಆಧಾರ್‌ನ ಅಂದವಾದ ಸಂಖ್ಯೆಯ ಹಿಂದಿರುವ ವಿಳಾಸವೋ, ಕಾರ್ಡುದಾರ ಕೊನೆಯ ಬಾರಿ ತಿದ್ದಿಸಿದಾಗ ಇದ್ದದ್ದು. ಹುಬ್ಬಳ್ಳಿಯಿಂದ ಬೆಂಗಳೂರಿಗೆ ಬಂದು ಹಲವು ಬಾಡಿಗೆ ಮನೆ ಬದಲಿಸಿದರೂ ಅದು ಹುಬ್ಬಳ್ಳಿಯಲ್ಲೇ ಇರಬಹುದು. ಕೆಟ್ಟ ಕೀಲಿಸಂಖ್ಯೆಯೂ ತಾಜಾ ನೋಂದಣಿಯೂ ಒಂದು ಕಡೆ, ಒಳ್ಳೆಯ ಕೀಲಿಸಂಖ್ಯೆಯೂ ಹಳಸಿದ ವಿವರವೂ ಇನ್ನೊಂದು ಕಡೆ ಇದ್ದರೆ, ಪ್ರೋಗ್ರಾಮರ್ ಆಗಿ ನಾನು ಮೊದಲನೆಯದನ್ನೇ ಆರಿಸಿಕೊಳ್ಳುತ್ತೇನೆ.

ಆದರೆ ಆ ನೋಂದಣಿಯ ಹೊರಗಿರುವವರಿಗೆ ಸ್ವೀಡನ್ ಬಹಳ ಬೇರೆಯ ದೇಶ. ಕನಿಷ್ಠ ಒಂದು ವರ್ಷ ನೆಲೆಸುವವರಿಗಷ್ಟೇ ವ್ಯಕ್ತಿ ಸಂಖ್ಯೆ ಸಿಗುತ್ತದೆ. ಆ ಸಂಖ್ಯೆಯ ಮೇಲೆ ಗುರುತಿನ ಚೀಟಿ, ಚೀಟಿಯ ಮೇಲೆ ಬ್ಯಾಂಕ್ ಖಾತೆ, ಖಾತೆಯ ಮೇಲೆ 2003ರಲ್ಲಿ ಬ್ಯಾಂಕುಗಳು ಕೂಡಿ ತಂದ ಬ್ಯಾಂಕ್‌ಐಡಿ ಎಂಬ ಡಿಜಿಟಲ್ ಗುರುತು, ಅದರ ಮೇಲೆ 2012ರಿಂದ ಇರುವ ಸ್ವಿಶ್ ಪಾವತಿ ನಿಂತಿವೆ. ಏಳೆಂಟು ತಿಂಗಳ ಪ್ರಾಜೆಕ್ಟಿಗೆಂದು ಬೆಂಗಳೂರಿನಿಂದ ಬರುವ ಎಂಜಿನಿಯರ್‌ಗೆ ಇವುಗಳ ಬದಲು ಸಮನ್ವಯ ಸಂಖ್ಯೆ ಎಂಬುದೊಂದು ಸಿಗಬಹುದು. ಅದರ ರಚನೆ ಮೇಲಿನಂತೆಯೇ, ಒಂದು ವ್ಯತ್ಯಾಸವೆಂದರೆ ಹುಟ್ಟಿದ ದಿನಕ್ಕೆ 60 ಕೂಡಿಸಿರುತ್ತಾರೆ: 12ನೇ ತಾರೀಖು ಹುಟ್ಟಿದವರ ದಿನ 72 ಆಗುತ್ತದೆ. ತಿಂಗಳಲ್ಲಿ 31ಕ್ಕಿಂತ ಹೆಚ್ಚು ದಿನಗಳಿಲ್ಲ ಎಂದು ಪ್ರೋಗ್ರಾಮರ್ ಬರೆದ ಒಂದೇ ಸಾಲಿನ ತಪಾಸಣೆ ಸಾಕು, ಆ ಎಂಜಿನಿಯರ್ ಆ ಫಾರ್ಮ್‌ನಿಂದ ಮುಂದೆ ಹೋಗಲಾರ. ಅಂಗಡಿಯ ಸದಸ್ಯತ್ವದ ಪುಟದಲ್ಲೂ ಜಿಮ್ ನೋಂದಣಿಯಲ್ಲೂ ಈ ಸಾಲು ಇಂದಿಗೂ ಸಿಗುತ್ತದೆ, ಸಮನ್ವಯ ಸಂಖ್ಯೆ ಬಂದದ್ದು 2000ದಲ್ಲಾದರೂ.

ಇನ್ನು ಗೋಪ್ಯತೆಯ ಮಾತು. 1766ರಿಂದಲೂ ಸರ್ಕಾರಿ ದಾಖಲೆಗಳು ಸಾರ್ವಜನಿಕವೆಂಬ ತತ್ತ್ವ ಇಲ್ಲಿ ಗಟ್ಟಿಯಾಗಿದೆ, ಹಾಗಾಗಿ ವಿಶೇಷ ರಕ್ಷಣೆಯಲ್ಲಿರುವವರನ್ನು ಬಿಟ್ಟರೆ ಯಾರ ಸಂಖ್ಯೆಯನ್ನಾದರೂ ತೆರಿಗೆ ಇಲಾಖೆಯನ್ನು ಕೇಳಿ ಪಡೆಯಬಹುದು. ಸಂಖ್ಯೆ ಗೊತ್ತಿದ್ದ ಮಾತ್ರಕ್ಕೆ ಅದು ತನ್ನದೇ ಎಂದು ಸಾಧಿಸಿದಂತಾಗದು. ಸಾಧಿಸುವ ಕೆಲಸವನ್ನು ಬ್ಯಾಂಕ್‌ಐಡಿ ಮಾಡುತ್ತದೆ. ಹಾಗಾಗಿಯೇ ವಂಚಕರೂ ಸಂಖ್ಯೆಯ ಬೆನ್ನು ಬಿಟ್ಟಿದ್ದಾರೆ. ಬ್ಯಾಂಕಿನವರಂತೆ ಫೋನ್ ಮಾಡಿ, ವಯಸ್ಸಾದವರ ಕೈಯಿಂದಲೇ ಆ್ಯಪ್‌ನಲ್ಲಿ ಸಹಿ ಹಾಕಿಸಿಕೊಳ್ಳುತ್ತಾರೆ.

ಸ್ವೀಡನ್ನಿನ ಗ್ರಾಹಕರಿಗಾಗಿ ಬೆಂಗಳೂರು, ಮೈಸೂರು, ಮಂಗಳೂರುಗಳಲ್ಲಿ ಕೋಡ್ ಬರೆಯುವ ಗೆಳೆಯರಿಗೆ ನಾನು ಹೇಳುವುದಿಷ್ಟು. ನಿಮ್ಮ ಟೇಬಲ್ಲಿನ ಪ್ರೈಮರಿ ಕೀ, ಅಂದರೆ ದಾಖಲೆಯನ್ನು ಗುರುತಿಸುವ ಸಂಖ್ಯೆ, ಯಾವ ವಿವರವನ್ನೂ ಹೊರದ ನಿಮ್ಮದೇ ಸಂಖ್ಯೆಯಾಗಿರಲಿ, ವ್ಯಕ್ತಿ ಸಂಖ್ಯೆ ಬದಲಾಗಬಲ್ಲ ಒಂದು ಕಾಲಮ್ ಆಗಿರಲಿ. ಅದನ್ನು ಪಠ್ಯವಾಗಿ, ಶತಮಾನವೂ ಸೇರಿದ ಹನ್ನೆರಡು ಅಂಕಿಗಳಲ್ಲಿ ಉಳಿಸಿ. ಹತ್ತಂಕಿಯ ರೂಪವನ್ನು ಪೂರ್ಣಾಂಕವೆಂದು ಉಳಿಸಿದರೆ 2005ರಲ್ಲಿ ಹುಟ್ಟಿದವರ ಮೊದಲ ಸೊನ್ನೆ ಮಾಯವಾಗುತ್ತದೆ. ವಯಸ್ಸು, ಲಿಂಗ ನಿಜಕ್ಕೂ ಬೇಕಿದ್ದರೆ ನೋಂದಣಿಯಿಂದ ಪಡೆಯಿರಿ, ಅಂಕಿಗಳಿಂದ ಊಹಿಸಬೇಡಿ. ಪರೀಕ್ಷೆಗೆ ಸಹೋದ್ಯೋಗಿಗಳ ನಿಜವಾದ ಸಂಖ್ಯೆಗಳನ್ನು ತುಂಬುವ ಚಾಳಿ ಅನೇಕ ತಂಡಗಳಲ್ಲಿದೆ, ಅದರ ಅಗತ್ಯವಿಲ್ಲ. ಪರೀಕ್ಷೆಗೆಂದೇ ಮೀಸಲಿಟ್ಟ ಸಂಖ್ಯೆಗಳ ಪಟ್ಟಿಯನ್ನು ತೆರಿಗೆ ಇಲಾಖೆಯೇ ಪ್ರಕಟಿಸಿದೆ. ಅದರ ಜೊತೆಗೆ ದಿನದ ಜಾಗದಲ್ಲಿ 61ರಿಂದ 91ರವರೆಗಿನ ಅಂಕಿಗಳಿರುವ ಕೆಲವು ಉದಾಹರಣೆಗಳನ್ನೂ, ನೂರು ದಾಟಿದ ಒಬ್ಬರನ್ನೂ ಪರೀಕ್ಷೆಗೆ ಸೇರಿಸಿಕೊಳ್ಳಿ.