ಕನ್ನಡದ ವೇಷ ತೊಟ್ಟ ಇಂಗ್ಲಿಷ್ ಅಕ್ಷರಗಳು

ಹೋದ ವಾರ ಚಿಕ್ಕಪ್ಪ ಗಾಬರಿಯಿಂದ ಫೋನ್ ಮಾಡಿದರು. "ಫೈಲಿಗೆ ವೈರಸ್ ಬಂದಿದೆ ಕಣೋ, ಕನ್ನಡವೆಲ್ಲ ಹಾಳಾಯ್ತು." ಇಪ್ಪತ್ತು ವರ್ಷದ ಹಿಂದೆ ಟೈಪ್ ಮಾಡಿಸಿಟ್ಟ ಮನೆತನದ ಚರಿತ್ರೆ ಅದು. ಹೊಸ ಲ್ಯಾಪ್‌ಟಾಪಿನಲ್ಲಿ ತೆರೆದರೆ ಬರೀ ಪೌಂಡ್ ಗುರುತು, ತಲೆ ಮೇಲೆ ಗೆರೆ ಹೊತ್ತ ಇಂಗ್ಲಿಷ್ ಎ. ಅಂಗಡಿಯವನು ಆಂಟಿವೈರಸ್ ಹಾಕಿಸಿ ಎಂದನಂತೆ. ಆ ದುಡ್ಡಲ್ಲಿ ಒಬ್ಬಟ್ಟು ಮಾಡಿಸಿ ತಿನ್ನಿ ಎಂದೆ. ಫೈಲಿಗೆ ಏನೂ ಆಗಿಲ್ಲ, ಅದರೊಳಗೆ ಮೊದಲಿಂದಲೂ ಇದ್ದದ್ದು ಇದೇ.

ಕಂಪ್ಯೂಟರ್ ಇಟ್ಟುಕೊಳ್ಳುವುದು ಅಂಕಿಗಳನ್ನು ಮಾತ್ರ. ಯಾವ ಅಂಕಿ ಅಂದರೆ ಯಾವ ಅಕ್ಷರ ಎಂದು ಗೊತ್ತುಮಾಡುವ ಆಸ್ಕಿ ಪಟ್ಟಿ 1963ರಲ್ಲಿ ಬಂತು. ಅದರಲ್ಲಿ ಇದ್ದದ್ದು 128 ಮನೆ, ಆಮೇಲೆ ಎಳೆದಾಡಿ 256 ಮಾಡಿದರು. ಅದರಲ್ಲಿ ಕನ್ನಡಕ್ಕೆ ಜಾಗವೇ ಇರಲಿಲ್ಲ. ಹಾಗಾಗಿ ನಮ್ಮವರು ಒಂದು ಉಪಾಯ ಮಾಡಿದರು: ಅಂಕಿ ಇಂಗ್ಲಿಷಿನದೇ ಇರಲಿ, ಫಾಂಟಿನಲ್ಲಿ ಮಾತ್ರ ಕನ್ನಡದ ಚಿತ್ರ ಕೂರಿಸೋಣ. ಯಕ್ಷಗಾನದ ಬಣ್ಣದ ಮನೆಯಲ್ಲಿ ಕಿರೀಟ ಕಟ್ಟಿದಂತೆ. ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ವೇಷ ಕಳಚುತ್ತದೆ, ಅಷ್ಟೇ.

ಇದರ ಒಳಗುಟ್ಟು ನನಗೆ ಬಹಳ ಇಷ್ಟ. ಕನ್ನಡ ಟೈಪ್ ಮಾಡುವ ತಂತ್ರಾಂಶಗಳಾದ ನುಡಿ, ಬರಹದ ಹಳೇ ಫಾಂಟುಗಳಲ್ಲಿ "ಕನ್ನಡ" ಎಂದು ಬರೆದರೆ ಒಳಗೆ ಕೂರುವುದು ಇಂಗ್ಲಿಷಿನ ದೊಡ್ಡ ಪಿ, ಗೆರೆ ಹೊತ್ತ ಎ, ಪೌಂಡ್ ಗುರುತು, ಮತ್ತೆ ಅದೇ ಎ, ಜರ್ಮನ್ನರ ಒಂದು ಎಸ್, ಸಣ್ಣ ಕ್ಯೂ, ಕೊನೆಗೆ ಮತ್ತದೇ ಎ. ಪಿ ಅಂದರೆ ತಲೆಕಟ್ಟಿಲ್ಲದ ಕ. ಎ ಅಂದರೆ ತಲೆಕಟ್ಟು! ಜರ್ಮನ್ ಎಸ್ ಅಂದರೆ ನ ಒತ್ತು. ಹಳೇ ಪ್ರೆಸ್ಸಿನಲ್ಲಿ ಮೊಳೆ ಜೋಡಿಸುವವರು ತುಂಡು ತುಂಡಾಗಿ ಅಕ್ಷರ ಕಟ್ಟುತ್ತಿದ್ದರಲ್ಲ, ಹಾಗೆ. ಜಾಣ ಕೆಲಸ, ನಗಬೇಡಿ. 1998ರಲ್ಲಿ ಬರಹ ಬರದಿದ್ದರೆ ಎಷ್ಟೋ ಜನ ಕನ್ನಡದಲ್ಲಿ ಟೈಪೇ ಮಾಡುತ್ತಿರಲಿಲ್ಲ.

ಜಗತ್ತಿನ ಭಾಷೆಗಳ ಅಕ್ಷರಗಳಿಗೆಲ್ಲ ಬೇರೆ ಬೇರೆ ಅಂಕಿ ಕೊಡುವ ಯೂನಿಕೋಡ್ ಪಟ್ಟಿಯ ದಾರಿ ಬೇರೆ. 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ 128 ಮನೆಗಳ ಸ್ವಂತ ಬೀದಿ ಸಿಕ್ಕಿತು. ಕ ಅಂದರೆ 3221, ನ 3240, ಅರ್ಧಾಕ್ಷರದ ಗುರುತು 3277. ಇಲ್ಲಿ ಲೆಕ್ಕ ಆಕಾರದ್ದಲ್ಲ, ಉಚ್ಚಾರದ್ದು. "ಸೂರ್ಯ" ನೋಡಿ. ಹಳೇ ಫಾಂಟಿನಲ್ಲಿ ಅರ್ಕಾವತ್ತು ಕಣ್ಣಿಗೆ ಕಾಣುವಂತೆ ಯ ಆದ ಮೇಲೆ ಬರುತ್ತದೆ. ಯೂನಿಕೋಡಿನಲ್ಲಿ ಬಾಯಲ್ಲಿ ಬರುವಂತೆ ರ ಮೊದಲು, ಯ ಆಮೇಲೆ. ಕಣ್ಣು ಕಾಣದವರಿಗೆ ಕಂಪ್ಯೂಟರ್ ಕನ್ನಡ ಓದಿ ಹೇಳುವುದು, ಗೂಗಲ್ಲಿನಲ್ಲಿ ಕನ್ನಡ ಪದ ಸಿಗುವುದು, ಎಲ್ಲಾ ಇದರಿಂದಲೇ. ಬೆಲೆಯೂ ಇದೆ ಅನ್ನಿ: ಇಂಗ್ಲಿಷ್ ಎಸ್ಸೆಮ್ಮೆಸ್ಸಿಗೆ 160 ಅಕ್ಷರ ಹಿಡಿದರೆ ಕನ್ನಡದ್ದಕ್ಕೆ 70, ಅದರಲ್ಲಿ "ಕನ್ನಡ" ಒಂದೇ 5 ತಿನ್ನುತ್ತದೆ.

ಇಷ್ಟಾದರೂ "ನನಗೆ ಹಳೇ ಕೀಲಿಮಣೆಯೇ ಅಭ್ಯಾಸ, ಯೂನಿಕೋಡ್ ಬೇಡ" ಅನ್ನುವವರನ್ನು ಕಂಡರೆ ತಲೆ ಚಚ್ಚಿಕೊಳ್ಳಬೇಕು ಅನಿಸುತ್ತದೆ. ಕೀಲಿಮಣೆಯೇ ಬೇರೆ, ಫಾಂಟೇ ಬೇರೆ. ಕನ್ನಡ ಕೀಲಿಮಣೆ ರೂಪಿಸಿದ ಕೆ.ಪಿ. ರಾವ್ ಅವರ ವಿನ್ಯಾಸದಲ್ಲೇ ಬೆರಳಾಡಿಸಿ ಯೂನಿಕೋಡ್ ಬರೆಯಬಹುದು. ನುಡಿ, ಬರಹದ ಹೊಸ ಆವೃತ್ತಿಗಳಲ್ಲೂ ಆ ಆಯ್ಕೆ ಇದೆ.

ಹಳೇ ಫೈಲು ಸುಮ್ನೆ ಓದಬೇಕಾದರೆ ಆ ಫಾಂಟು ಹಾಕಿಕೊಂಡರೆ ಸಾಕು. ವಾಟ್ಸಾಪಿಗೆ ಹಾಕಬೇಕು, ಒಳಗೆ ಹುಡುಕಬೇಕು ಅಂದರೆ ಪರಿವರ್ತಕದಲ್ಲಿ ಹಾಕಿ ಯೂನಿಕೋಡ್ ಮಾಡಿ. ಮೂಲ ಫೈಲು ಮಾತ್ರ ಅಳಿಸಬೇಡಿ. ಚಿಕ್ಕಪ್ಪನ ಚರಿತ್ರೆಯನ್ನೂ ಹಾಗೇ ಮಾಡಿದೆ, ಎರಡೇ ನಿಮಿಷದಲ್ಲಿ ಕನ್ನಡವೆಲ್ಲ ಎದ್ದು ಕೂತಿತು. ತಾತನ ಹೆಸರಿನ ಮುಂದಿದ್ದ ಬಿ.ಎ. ಮಾತ್ರ ಎಡವಟ್ಟಾಯಿತು. ಅದೊಂದನ್ನು ನಿಜವಾಗಿಯೂ ಇಂಗ್ಲಿಷಿನಲ್ಲೇ ಬರೆದಿದ್ದರು, ಪರಿವರ್ತಕ ಅದನ್ನೂ ವೇಷ ಅಂದುಕೊಂಡು ಯಾವುದೋ ಕನ್ನಡ ತುಂಡುಗಳನ್ನಾಗಿ ಮಾಡಿಟ್ಟಿತ್ತು. ಅದನ್ನು ಕೈಯಲ್ಲೇ ತಿದ್ದಿದೆ.