ಕಣ್ಣಿಗೆ ಹೊಡೆಯದ ಬೆಳಕು

ಕಳೆದ ಆಷಾಢದ ಒಂದು ರಾತ್ರಿ ಮಲ್ಪೆಯಿಂದ ಉಡುಪಿಗೆ ಸೈಕಲ್ ತುಳಿಯುತ್ತಿದ್ದೆ. ಜಿಟಿಜಿಟಿ ಮಳೆ, ಕನ್ನಡಕದ ತುಂಬ ಹನಿ. ಕಲ್ಮಾಡಿ ದಾಟುವಾಗ ಎದುರಿನಿಂದ ಇನ್ನೊಂದು ಸೈಕಲ್ ಬಂತು. ಅದರ ಹ್ಯಾಂಡಲಿಗೆ ಕಟ್ಟಿದ್ದ ಟಾರ್ಚಿನ ಬೆಳಕು ನನ್ನ ಕನ್ನಡಕದ ಒಂದೊಂದು ಹನಿಯಲ್ಲೂ ಒಡೆದು ಹರಡಿತು. ಎರಡು ಮೂರು ಸೆಕೆಂಡು ರಸ್ತೆಯೇ ಕಾಣಲಿಲ್ಲ. ಬ್ರೇಕ್ ಹಿಡಿದು ನಿಂತಾಗ ಮುಂದಿನ ಚಕ್ರ ಚರಂಡಿಯ ಅಂಚಿನಲ್ಲಿತ್ತು.

ಆ ಹುಡುಗನನ್ನು ದೂರಲಾರೆ. ದೀಪದ ಡಬ್ಬಿಯ ಮೇಲೆ ಸಾಮಾನ್ಯವಾಗಿ ದೊಡ್ಡದಾಗಿ ಕಾಣುವುದು ಲುಮೆನ್. ಅದು ದೀಪದಿಂದ ಹೊರಟ ಒಟ್ಟು ಬೆಳಕಿನ ಲೆಕ್ಕ. ಅದರಲ್ಲಿ ರಸ್ತೆಗೆ ಬಿದ್ದದ್ದೆಷ್ಟು, ತೆಂಗಿನ ತಲೆಗೆ ಹೋದದ್ದೆಷ್ಟು ಎಂದು ಅದರಿಂದ ತಿಳಿಯದು. ಒಂದು ಜಾಗದ ಮೇಲೆ ಬಿದ್ದ ಬೆಳಕನ್ನು ಅಳೆಯುವುದು ಲಕ್ಸ್.

ಜರ್ಮನಿಯವರು ಸೈಕಲ್ ದೀಪವನ್ನು ಒಪ್ಪುವುದು ಲಕ್ಸ್ ನೋಡಿ. 10 ಮೀಟರ್ ದೂರದಲ್ಲಿ ಕನಿಷ್ಠ 10 ಲಕ್ಸ್ ಬೀಳಬೇಕು, ಅಲ್ಲಿಂದ 3.4 ಡಿಗ್ರಿ ಮೇಲೆ 2 ಲಕ್ಸ್ ಮೀರಬಾರದು. ಆ ದೂರದಲ್ಲಿ 3.4 ಡಿಗ್ರಿ ಎಂದರೆ ಸುಮಾರು 60 ಸೆಂಟಿಮೀಟರ್, ಮೂರು ಗೇಣೂ ಇಲ್ಲ. ಅಷ್ಟರೊಳಗೆ ಬೆಳಕು ಕತ್ತರಿಸಿದಂತೆ ಕಡಿಮೆಯಾಗಬೇಕು. ದುಂಡು ಲೆನ್ಸಿನ ಟಾರ್ಚಿಗೆ ಇದು ಸಾಧ್ಯವಿಲ್ಲ. ಕಾರಿನ ಡಿಮ್ ಲೈಟಿನಂತೆ, ಮೇಲೆ ಹೋಗುವ ಕಿರಣಗಳನ್ನು ಕೆಳಕ್ಕೆ ಮಡಚುವ ಕನ್ನಡಿಯೋ ಲೆನ್ಸೋ ಬೇಕು. ನನ್ನ ಮಟ್ಟಿಗೆ ಇದೊಂದು ನಿಯಮ ಬೇರೆಲ್ಲಕ್ಕಿಂತ ದೊಡ್ಡದು: ಎದುರು ಬರುವವರ ಕಣ್ಣನ್ನೂ ಅದು ಲೆಕ್ಕಕ್ಕೆ ಹಿಡಿದಿದೆ.

ನಮ್ಮ ಕರಾವಳಿಯ ಮಳೆಗೆ ಇನ್ನೊಂದು ಗುರುತನ್ನೂ ನೋಡಬೇಕು. ಐಪಿಎಕ್ಸ್4 ಎಂದಿದ್ದರೆ ಯಾವ ಕಡೆಯಿಂದ ನೀರು ಎರಚಿದರೂ ದೀಪ ತಡೆಯುತ್ತದೆ. ಐಪಿಎಕ್ಸ್7 ಆದರೆ 1 ಮೀಟರ್ ನೀರಿನಲ್ಲಿ 30 ನಿಮಿಷ ಮುಳುಗಿದರೂ ಸರಿ.

ಬ್ಯಾಟರಿ ಮುಗಿದರೂ ಕೈಬಿಡದ್ದು ಹಿಂದಿನ ಕೆಂಪು ರಿಫ್ಲೆಕ್ಟರ್. 2020ರಲ್ಲಿ ಕೇಂದ್ರ ಸರ್ಕಾರ ಇದಕ್ಕೆ ಗುಣಮಟ್ಟ ನಿಯಂತ್ರಣದ ಆದೇಶ ಹೊರಡಿಸಿತು. ಅದನ್ನು ಹತ್ತಿರ ಹಿಡಿದು ನೋಡಿ, ಒಳಗೆ ಜೇನುಗೂಡಿನಂಥ ಸಣ್ಣ ಸಣ್ಣ ಮೂಲೆಗಳಿವೆ. ಒಂದಕ್ಕೊಂದು ಲಂಬವಾದ ಮೂರು ಮೈಗಳಿಗೆ ತಾಗಿದ ಕಿರಣ ಬಂದ ದಿಕ್ಕಿಗೇ ಹಿಂದಿರುಗುತ್ತದೆ. 1969ರಲ್ಲಿ ಅಪೊಲೊ 11ರವರು ಚಂದ್ರನ ಮೇಲೆ ಇಟ್ಟು ಬಂದ ಪ್ರತಿಫಲಕವೂ ಇದೇ ಉಪಾಯದ್ದು. ಕೆಸರು ಮೆತ್ತಿದರೆ ಮಾತ್ರ ಅದು ಕುರುಡು. ಮಳೆಗಾಲದಲ್ಲಿ ದಿನಾ ಒರೆಸಬೇಕು.

ಅಂದು ಮನೆಗೆ ಬಂದವನು ನನ್ನ ಸೈಕಲನ್ನೂ ಕಾಂಪೌಂಡ್ ಗೋಡೆಗೆ ಐದು ಮೀಟರ್ ದೂರದಲ್ಲಿ ನಿಲ್ಲಿಸಿ ದೀಪ ಹಚ್ಚಿದೆ. ಬೆಳಕಿನ ನಡುಭಾಗ ಗೋಡೆಯ ಮೇಲೆ ದೀಪಕ್ಕಿಂತ ಒಂದು ಗೇಣು ಎತ್ತರದಲ್ಲಿ ಬಿದ್ದಿತ್ತು. ಸ್ಕ್ರೂ ಸಡಿಲಿಸಿ, ದೀಪದ ಮಟ್ಟಕ್ಕಿಂತ ಕೆಳಗೆ ಬರುವವರೆಗೆ ಬಗ್ಗಿಸಿ ಬಿಗಿದೆ.